ಥೀಸಿಸ್‌ನ ಅಧ್ಯಾಯವನ್ನು ಕಾನೂನು ಇತಿಹಾಸದ ಜರ್ನಲ್‌ಗೆ ಕಳಿಸುವುದು ಹೇಗೆ? ಅನುಭವಸ್ಥರು ಹೇಳಿ

ಕಡತಪ್ರಿಯ
ಎಲ್ಲರಿಗೂ ನಮಸ್ಕಾರ. ನನ್ನ ಪಿಎಚ್‌ಡಿ ಕೊನೆಯ ಹಂತದಲ್ಲಿದೆ. ವಿಷಯ ಇಂಗ್ಲೆಂಡಿನ ಸಾಲಗಾರರ ಜೈಲು. 1813ರ ಕಾಯ್ದೆಯಿಂದ, ಸಾಲ ತೀರಿಸಲಾಗದ ಕೈದಿಗಳ ಬಿಡುಗಡೆ ಅರ್ಜಿ ಕೇಳುವ ಇನ್ಸಾಲ್ವೆಂಟ್ ಡೆಟರ್ಸ್ ಕೋರ್ಟ್ ಹುಟ್ಟಿತಲ್ಲ, ಅಲ್ಲಿಂದ ಹಿಡಿದು 1842ರಲ್ಲಿ ಫ್ಲೀಟ್ ಮತ್ತು ಮಾರ್ಷಲ್‌ಸೀ ಜೈಲುಗಳು ಮುಚ್ಚುವವರೆಗೆ. ಬಿಡುಗಡೆಗೆ ಅರ್ಜಿ ಹಾಕಿದ ಕೈದಿಗಳ ನೋಟಿಸು ಸರ್ಕಾರಿ ಪತ್ರಿಕೆ ಲಂಡನ್ ಗೆಜೆಟ್‌ನಲ್ಲಿ ಬರುತ್ತಿತ್ತು. ಆ ನೋಟಿಸುಗಳೇ ನನ್ನ ಮುಖ್ಯ ಆಕರ.

ಇದರಲ್ಲಿ ಒಂದು ಅಧ್ಯಾಯವನ್ನು ಜರ್ನಲ್‌ಗೆ ಕಳಿಸಬೇಕು ಅಂತಿದ್ದೇನೆ. ಸುಮಾರು 18 ಸಾವಿರ ಪದ ಇದೆ. ಕಾನೂನಿನವರ ಜರ್ನಲ್‌ಗೆ ಕಳಿಸಲೋ, ಇತಿಹಾಸದವರ ಜರ್ನಲ್‌ಗೋ? ಒಂದೇ ಸಲ ಎರಡು ಕಡೆ ಕಳಿಸಬಹುದಾ? ಗೈಡ್ ಕೇಳಿದರೆ "ಮೊದಲು ಕಳಿಸು, ಆಮೇಲೆ ನೋಡೋಣ" ಅನ್ನುತ್ತಾರೆ.

ಮಸಿಕುಡಿಕೆ
18 ಸಾವಿರ ಪದ ಅಡಿಟಿಪ್ಪಣಿ ಸೇರಿಸಿಯೋ, ಬಿಟ್ಟೋ?

ಕಡತಪ್ರಿಯ
ಬಿಟ್ಟು.

ಮಸಿಕುಡಿಕೆ
ಶಿವಶಿವಾ.

ತಾಳೆಗರಿ
ಮಸಿಕುಡಿಕೆಯವರು ಹೆದರಿಸುತ್ತಿದ್ದಾರೆ, ಆದರೆ ಹೆದರಬೇಕಾದ್ದೇ. ಬಹಳಷ್ಟು ಜರ್ನಲ್‌ಗಳು ಅಡಿಟಿಪ್ಪಣಿಯನ್ನೂ ಪದಗಳ ಲೆಕ್ಕಕ್ಕೆ ಸೇರಿಸುತ್ತವೆ. ನಮ್ಮ ಕ್ಷೇತ್ರದಲ್ಲಿ ಅಡಿಟಿಪ್ಪಣಿ ಅಂದರೆ ಅರ್ಧ ಪುಟ. ಮೊದಲು ಆ ಜರ್ನಲ್‌ನ "ಲೇಖಕರಿಗೆ ಸೂಚನೆ" ಪುಟ ಓದಿ. ಬೇರೆಯವರು ಹೇಳಿದ ಲೆಕ್ಕ ನಂಬಬೇಡಿ, ನಾನು ಹೇಳಿದ್ದನ್ನೂ ಸೇರಿಸಿ.

ಇನ್ನು ಎಲ್ಲಿಗೆ ಕಳಿಸಬೇಕು ಅನ್ನುವುದು. ಇಂಗ್ಲಿಷ್ ಕಾನೂನಿನ ಮೇಲೆ ಕೆಲಸ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಜರ್ನಲ್ ಆಫ್ ಲೀಗಲ್ ಹಿಸ್ಟರಿ, 1980ರಿಂದ ಬರುತ್ತಿದೆ. ಅಮೆರಿಕನ್ ಸೊಸೈಟಿ ಫಾರ್ ಲೀಗಲ್ ಹಿಸ್ಟರಿಯವರ ಲಾ ಅಂಡ್ ಹಿಸ್ಟರಿ ರಿವ್ಯೂ ಶುರುವಾಗಿದ್ದು 1983ರಲ್ಲಿ. ಸೊಸೈಟಿಯ ಹೆಸರಲ್ಲಿ ಅಮೆರಿಕ ಇದ್ದರೂ ಅಲ್ಲಿ ಜಗತ್ತಿನ ಎಲ್ಲ ಭಾಗದ ವಿಷಯವೂ ಬರುತ್ತದೆ. ಅಮೆರಿಕನ್ ಜರ್ನಲ್ ಆಫ್ ಲೀಗಲ್ ಹಿಸ್ಟರಿ ಇನ್ನೂ ಹಳೆಯದು, 1957. ಎರಡು ಮೂರು ದೇಶದ ಕಾನೂನನ್ನು ಹೋಲಿಸಿದ್ದರೆ ಕಂಪ್ಯಾರಟಿವ್ ಲೀಗಲ್ ಹಿಸ್ಟರಿ ಇದೆ. ಫ್ರಾಂಕ್‌ಫರ್ಟಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ರೆಖ್ಟ್ಸ್‌ಗೆಶಿಖ್ಟೆ ಯಾರು ಬೇಕಾದರೂ ಉಚಿತವಾಗಿ ಓದಬಹುದಾದ ಜರ್ನಲ್.

ಆದರೆ ಪಟ್ಟಿ ನೋಡಿ ಆರಿಸಬೇಡಿ. ಕಳೆದ ಎರಡು ವರ್ಷದ ಸಂಚಿಕೆಗಳನ್ನು ತೆರೆದು, ಪ್ರತಿ ಲೇಖನದ ಮೊದಲ ಎರಡು ಪುಟ ಮಾತ್ರ ಓದಿ. ನಿಮ್ಮ ಅಡಿಟಿಪ್ಪಣಿಯಲ್ಲಿ ಆ ಜರ್ನಲ್‌ನ ಒಂದು ಲೇಖನವೂ ಇಲ್ಲ ಅಂದರೆ ನೀವು ತಪ್ಪು ಬಾಗಿಲು ತಟ್ಟುತ್ತಿದ್ದೀರಿ.

ನ್ಯಾಯದೀಪ
ಒಂದೇ ಸಲ ಹಲವು ಕಡೆ ಕಳಿಸಬಹುದು. ಅಮೆರಿಕದ ಲಾ ರಿವ್ಯೂಗಳಲ್ಲಿ ಎಲ್ಲರೂ ಹಾಗೇ ಮಾಡುವುದು. ಲೇಖನ ಕಳಿಸುವ ಜಾಲತಾಣ ಸ್ಕಾಲಾಸ್ಟಿಕಾದಲ್ಲಿ ಒಂದೇ ಲೇಖನ ಹತ್ತಾರು ಕಡೆ ಹೋಗುತ್ತದೆ. ಒಬ್ಬರು ಒಪ್ಪಿದ ತಕ್ಷಣ ಉಳಿದವರಿಗೆ "ಬೇಗ ನಿರ್ಧಾರ ಹೇಳಿ" ಅಂತ ಒತ್ತಾಯ ಮಾಡಬಹುದು.

ತಾಳೆಗರಿ
ನ್ಯಾಯದೀಪ ಅವರೇ, ಅರ್ಧ ಹೇಳಿದಿರಿ. ಅದು ವಿದ್ಯಾರ್ಥಿಗಳೇ ಎಡಿಟರ್ ಆಗಿರುವ ಲಾ ರಿವ್ಯೂಗಳ ಪದ್ಧತಿ. ಅಲ್ಲೂ ಫೆಬ್ರವರಿ ಮತ್ತು ಆಗಸ್ಟ್ ಆಸುಪಾಸಿನ ಸೀಸನ್ ಬಿಟ್ಟರೆ ಕೇಳುವವರು ಕಡಿಮೆ. ನಾನು ಹೇಳಿದ ಜರ್ನಲ್‌ಗಳು ಪೀರ್ ರಿವ್ಯೂ, ಅಂದರೆ ಅದೇ ಕ್ಷೇತ್ರದ ವಿದ್ವಾಂಸರಿಂದ ಪರಿಶೀಲನೆ, ಮಾಡಿಸುವಂಥವು. ಅಲ್ಲಿ "ಈ ಲೇಖನ ಬೇರೆಲ್ಲೂ ಪರಿಶೀಲನೆಯಲ್ಲಿ ಇಲ್ಲ" ಅಂತ ಟಿಕ್ ಹಾಕಿಯೇ ಮುಂದೆ ಹೋಗಬೇಕು. ಹೊಸಬರಿಗೆ ಇದನ್ನು ಬಿಡಿಸಿ ಹೇಳದಿದ್ದರೆ ಅವರ ಹೆಸರು ಕೆಡುತ್ತದೆ.

ನ್ಯಾಯದೀಪ
ಟಿಕ್ ಹಾಕಬೇಕು ಸರಿ. ಆದರೆ ನ್ಯಾಯ ಯಾವುದು? ಅವರು ತಿಂಗಳುಗಟ್ಟಲೆ ಉತ್ತರ ಕೊಡುವುದಿಲ್ಲ. ಅಷ್ಟು ದಿನ ನಾವು ಕೈಕಟ್ಟಿ ಕೂರಬೇಕು. ಕೆಲಸದ ಅರ್ಜಿಗೆ ಕೊನೆ ದಿನ ಇದೆ, ಸ್ಕಾಲರ್‌ಶಿಪ್‌ಗೆ ಕೊನೆ ದಿನ ಇದೆ, ರಿವ್ಯೂವರ್‌ಗೆ ಮಾತ್ರ ಯಾವ ಕೊನೆ ದಿನವೂ ಇಲ್ಲ.

ಎರಡನೇ_ರಿವ್ಯೂವರ್
ಹೆಸರು ನೋಡಿ ಬೈಬೇಡಿ, ತಮಾಷೆಗೆ ಇಟ್ಟುಕೊಂಡದ್ದು. ಆದರೆ ರಿವ್ಯೂ ಮಾಡುವವನೇ.

ನ್ಯಾಯದೀಪ ಅವರ ಸಿಟ್ಟು ಅರ್ಥವಾಗುತ್ತದೆ. ಈ ಕೆಲಸಕ್ಕೆ ನಮಗೆ ಯಾರೂ ಕಾಸು ಕೊಡುವುದಿಲ್ಲ. ಎಡಿಟರ್ ಇಬ್ಬರನ್ನು ಒಪ್ಪಿಸಲು ಏಳೆಂಟು ಜನರಿಗೆ ಬರೆಯಬೇಕಾಗುತ್ತದೆ. 1830ರ ಸಾಲಗಾರರ ಕೋರ್ಟ್ ಬಗ್ಗೆ ಅಧಿಕಾರದಿಂದ ಮಾತಾಡಬಲ್ಲವರು ಜಗತ್ತಿನಲ್ಲಿ ಎಷ್ಟು ಜನ ಇದ್ದಾರು? ಎರಡು ಜರ್ನಲ್‌ಗೆ ಕಳಿಸಿದರೆ ಎರಡೂ ಕಡೆಯಿಂದ ಲೇಖನ ಬಂದು ಬೀಳುವುದು ಒಬ್ಬರದೇ ಮೇಜಿನ ಮೇಲೆ. ನನಗೆ ಹಾಗೆ ಬಂದಿದೆ. ಎರಡೂ ಎಡಿಟರ್‌ಗಳಿಗೆ ತಿಳಿಸಿದೆ, ಎರಡೂ ಕಡೆ ಮುಗಿಯಿತು.

ಮೂರು ನಾಲ್ಕು ತಿಂಗಳು ಕಳೆದ ಮೇಲೆ ವಿನಯವಾಗಿ ಒಂದು ಮೇಲ್ ಹಾಕಿ, ತಪ್ಪೇನಿಲ್ಲ. ಇನ್ನೂ ಕಾಯಲು ಆಗದಿದ್ದರೆ ಲೇಖನ ವಾಪಸ್ ಪಡೆದಿದ್ದೇನೆ ಅಂತ ಬರೆದು ತಿಳಿಸಿ, ಅವರು ಒಪ್ಪಿ ಉತ್ತರ ಕೊಟ್ಟ ಮೇಲೆ ಬೇರೆ ಕಡೆ ಕಳಿಸಿ.

ಕಡತಪ್ರಿಯ ಅವರೇ, ನಿಮ್ಮ ಲೇಖನದ ಮೊದಲ ಪ್ಯಾರಾ ಇಲ್ಲಿ ಹಾಕಿ ನೋಡೋಣ. ಜರ್ನಲ್ ಯಾವುದು ಅನ್ನುವುದು ಆಮೇಲಿನ ಮಾತು.

ಕಡತಪ್ರಿಯ
ಹಾಕುತ್ತೇನೆ. ನಗಬಾರದು.

"ಸಾಲವು ಮಾನವ ನಾಗರಿಕತೆಯಷ್ಟೇ ಪುರಾತನವಾದುದು. ರೋಮನ್ನರ ಹನ್ನೆರಡು ಫಲಕಗಳ ಕಾಲದಿಂದಲೂ ಸಾಲಗಾರನ ದೇಹದ ಮೇಲೆ ಸಾಲ ಕೊಟ್ಟವನಿಗೆ ಹಕ್ಕಿತ್ತು. ಈ ಲೇಖನವು ಇಂಗ್ಲೆಂಡಿನಲ್ಲಿ ಸಾಲಗಾರರ ಸೆರೆವಾಸದ ವಿವಿಧ ಆಯಾಮಗಳನ್ನು ಲಂಡನ್ ಗೆಜೆಟ್‌ನ ನೋಟಿಸುಗಳ ಬೆಳಕಿನಲ್ಲಿ ಅವಲೋಕಿಸುವ ಪ್ರಯತ್ನವಾಗಿದೆ."

ಮಸಿಕುಡಿಕೆ
ನಗುತ್ತಿಲ್ಲ. ಆದರೆ ರೋಮ್‌ನಿಂದ ಲಂಡನ್‌ಗೆ ಬರುವಷ್ಟರಲ್ಲಿ ಎಡಿಟರ್ ಮುಂದಿನ ಫೈಲ್ ತೆರೆದಿರುತ್ತಾರೆ.

ಎರಡನೇ_ರಿವ್ಯೂವರ್
"ವಿವಿಧ ಆಯಾಮಗಳು", "ಅವಲೋಕಿಸುವ ಪ್ರಯತ್ನ". ಇದನ್ನು ಓದಿದ ಎಡಿಟರ್‌ಗೆ ತಿಳಿಯುವುದು ಇಷ್ಟೇ: ಇವರ ಹತ್ತಿರ ಆಕರ ಇದೆ, ವಾದ ಇನ್ನೂ ಇಲ್ಲ. ರಿವ್ಯೂಗೂ ಹೋಗದೆ ಎಡಿಟರ್ ಮೇಜಿನಿಂದಲೇ ವಾಪಸ್ ಬರುವ ಲೇಖನಗಳಲ್ಲಿ ಜಾಸ್ತಿ ಇಂಥವೇ. ಸಂಶೋಧನೆ ಕೆಟ್ಟದ್ದು ಅಂತಲ್ಲ, ಯಾರ ಜೊತೆ ಜಗಳ ಆಡುತ್ತಿದ್ದೀರಿ ಅಂತ ತಿಳಿಯುವುದಿಲ್ಲ.

ಒಂದೇ ಉಸಿರಿನಲ್ಲಿ ಹೇಳಿ: ನೋಟಿಸುಗಳನ್ನು ನೋಡಿ ನಿಮಗೆ ಏನು ಕಂಡಿತು?

ಕಡತಪ್ರಿಯ
ನೋಟಿಸಿನಲ್ಲಿ ಕೈದಿಯ ಹೆಸರು, ಕಸುಬು ಮಾತ್ರ ಅಲ್ಲ, ಹಳೆಯ ವಿಳಾಸಗಳೆಲ್ಲ ಸಾಲಾಗಿ ಇರುತ್ತವೆ. "ಮೊದಲು ಇಂಥ ಬೀದಿ, ಆಮೇಲೆ ಇಂಥ ಬೀದಿ, ಕೊನೆಗೆ ಇಂಥ ಬೀದಿ" ಅಂತ. ಕಾಯ್ದೆ ಮಾಡಿದವರ ಉದ್ದೇಶ ಸಾಲ ಕೊಟ್ಟವರಿಗೆ ಸುದ್ದಿ ಮುಟ್ಟಿಸುವುದು. ಆದರೆ ಅಂಗಡಿಯವರು ಇದನ್ನೇ ಮುಂದೆ ಯಾರಿಗೆ ಸಾಲ ಕೊಡಬಾರದು ಅಂತ ತಿಳಿಯಲು ಬಳಸಿದರು ಅನ್ನುವುದು ನನ್ನ ವಾದ. ಬಿಡುಗಡೆ ಕೊಡುವ ಕಾಗದವೇ ಹೊರಗೆ ಬಂದವನ ಬೆನ್ನು ಹತ್ತಿತು.

ತಾಳೆಗರಿ
ಅಯ್ಯೋ ಮಾರಾಯ್ರೇ, ಇದೇ ನಿಮ್ಮ ಮೊದಲ ಪ್ಯಾರಾ! ಒಂದು ನೋಟಿಸಿನಿಂದ ಶುರು ಮಾಡಿ. ಒಬ್ಬ ಮನುಷ್ಯ, ಅವನ ಕಸುಬು, ಮೂರು ಬೀದಿ. ಮುಂದಿನ ವಾಕ್ಯದಲ್ಲಿ ಈಗ ಹೇಳಿದ ಮಾತು. ಆಮೇಲೆ ಇದುವರೆಗೆ ಬರೆದವರು ಏನು ಹೇಳಿದ್ದಾರೆ, ನೀವು ಎಲ್ಲಿ ಒಪ್ಪುವುದಿಲ್ಲ. ರೋಮನ್ನರಿಗೆ ರಜೆ ಕೊಡಿ.

ಲೀಗಲ್_ಲಕ್ಷ್ಮಿ
ನಾನು ಕಾನೂನು ಓದಿದವಳು, ಹಾಗಾಗಿ ಸ್ವಲ್ಪ ಅಡ್ಡ ಮಾತು. ಈ ವಾದ ಇತಿಹಾಸದ ಜರ್ನಲ್‌ಗೆ ಸಾಕು. ಕಾನೂನು ಇತಿಹಾಸದ ಜರ್ನಲ್‌ನಲ್ಲಿ "ಇದರಲ್ಲಿ ಕಾನೂನು ಎಲ್ಲಿದೆ?" ಅಂತ ಒಬ್ಬರಾದರೂ ಕೇಳೇ ಕೇಳುತ್ತಾರೆ. ವಿಳಾಸ ಬಿಟ್ಟುಹೋದರೆ ಕೋರ್ಟ್ ಏನು ಮಾಡುತ್ತಿತ್ತು? ಅರ್ಜಿ ಬಿದ್ದುಹೋಗುತ್ತಿತ್ತಾ, ತಿದ್ದಲು ಸಮಯ ಕೊಡುತ್ತಿದ್ದರಾ? ಸಾಲ ಕೊಟ್ಟವರು ಅದನ್ನೇ ಹಿಡಿದು ತಕರಾರು ಹಾಕುತ್ತಿದ್ದರಾ?

ಇನ್ನೊಂದು. ನೀವು ಮೇಲೆ ಸುಮ್ನೆ "ಸಾಲಗಾರರು" ಅಂದಿದ್ದೀರಿ. ಆ ಕಾಲದಲ್ಲಿ ವ್ಯಾಪಾರಿಗಳಿಗೆ ಬ್ಯಾಂಕ್ರಪ್ಸಿ (ದಿವಾಳಿ) ಕಾಯ್ದೆಯ ದಾರಿ ಬೇರೆ, ಉಳಿದವರಿಗೆ ಇನ್ಸಾಲ್ವೆಂಟ್ ಕೋರ್ಟಿನ ದಾರಿ ಬೇರೆ. ವ್ಯಾಪಾರಿಯಲ್ಲದವರೂ ಬ್ಯಾಂಕ್ರಪ್ಟ್ ಆಗಬಹುದು ಅಂತಾಗಿದ್ದು 1861ರ ಕಾಯ್ದೆಯಿಂದ. ಬ್ಯಾಂಕ್ರಪ್ಟ್ ಆದವನಿಗೆ ಸಾಲದಿಂದಲೇ ಮುಕ್ತಿ ಸಿಗಬಹುದಿತ್ತು. ಇನ್ಸಾಲ್ವೆಂಟ್ ಕೋರ್ಟಿಗೆ ಹೋದವನಿಗೆ ಜೈಲಿಂದ ಬಿಡುಗಡೆ, ಆದರೆ ಮುಂದೆ ಸಂಪಾದಿಸಿದ ಆಸ್ತಿಯ ಮೇಲೂ ಸಾಲ ಬೆನ್ನು ಬಿಡುತ್ತಿರಲಿಲ್ಲ. ಗೆಜೆಟ್‌ನಲ್ಲಿ ಎರಡು ಬಗೆಯ ನೋಟಿಸೂ ಇರುತ್ತವೆ. ಎರಡನ್ನೂ ಒಂದೇ ಎಣಿಕೆಗೆ ಹಾಕಿದ್ದರೆ ಲೇಖನ ಅಲ್ಲೇ ಬಿದ್ದುಹೋಗುತ್ತದೆ.

ಕಡತಪ್ರಿಯ
ಲಕ್ಷ್ಮಿ ಮೇಡಂ, ಎಣಿಕೆ ಬೇರೆ ಬೇರೆಯೇ ಮಾಡಿದ್ದೇನೆ. ನೀವು ಹೇಳಿದ ಕೊನೆಯ ಅಂಶ ನನ್ನ ವಾದಕ್ಕೆ ಬಲವೇ. ಸಾಲ ಉಳಿದೇ ಇರುತ್ತದೆ ಅಂದರೆ ಅವನ ವಿಳಾಸಕ್ಕೆ ಬೆಲೆ ಇನ್ನೂ ಜಾಸ್ತಿ. ಕೋರ್ಟ್ ಏನು ಮಾಡುತ್ತಿತ್ತು ಅನ್ನುವುದು ಇನ್ನೊಂದು ಅಧ್ಯಾಯದಲ್ಲಿದೆ.

ಲೀಗಲ್_ಲಕ್ಷ್ಮಿ
ಹಾಗಾದರೆ ಅಲ್ಲಿಂದ ನಾಲ್ಕು ಪುಟ ಇಲ್ಲಿಗೆ ತನ್ನಿ. ಅಧ್ಯಾಯವನ್ನು ಇದ್ದ ಹಾಗೇ ಕತ್ತರಿಸಿ ಕಳಿಸಿದರೆ ಹೀಗೇ ಆಗುವುದು, ಬೇಕಾದ್ದು ಇನ್ನೊಂದು ಅಧ್ಯಾಯದಲ್ಲಿ ಉಳಿದಿರುತ್ತದೆ. ಹಿಂದಿನವರು ಬರೆದದ್ದರ ಸಮೀಕ್ಷೆ ಅಂತ ಥೀಸಿಸ್‌ನಲ್ಲಿ ಇರುತ್ತದಲ್ಲ, ಅದನ್ನು ಎರಡು ಪ್ಯಾರಾಕ್ಕೆ ಇಳಿಸಿ. 18 ಸಾವಿರ ತಾನಾಗಿ ಕರಗುತ್ತದೆ.

ಗುಬ್ಬಚ್ಚಿ
ಸಾಲಗಾರರ ಜೈಲು 1869ರಲ್ಲಿ ರದ್ದಾಯಿತಲ್ವಾ? ಅಲ್ಲಿವರೆಗೆ ತಂದರೆ ಕಥೆ ಪೂರ್ತಿ ಆಗುತ್ತದೆ.

ಲೀಗಲ್_ಲಕ್ಷ್ಮಿ
ಪೂರ್ತಿ ರದ್ದಾಗಲಿಲ್ಲ. 1869ರ ಡೆಟರ್ಸ್ ಆ್ಯಕ್ಟ್ ಆದ ಮೇಲೂ, ಕೊಡುವ ಶಕ್ತಿ ಇದ್ದೂ ಕೊಡದವನನ್ನು ಆರು ವಾರದವರೆಗೆ ಒಳಗೆ ಹಾಕಬಹುದಿತ್ತು. ಆ ಕಾಯ್ದೆ ಹೆಸರು ಹೇಳಿ "ಅಲ್ಲಿಗೆ ಮುಗಿಯಿತು" ಅಂತ ಬರೆದವರನ್ನು ರಿವ್ಯೂವರ್‌ಗಳು ಸುಮ್ನೆ ಬಿಡುವುದಿಲ್ಲ.

ಕಡತಪ್ರಿಯ
1842 ದಾಟುವುದಿಲ್ಲ, ಖಂಡಿತ. ಫ್ಲೀಟ್, ಮಾರ್ಷಲ್‌ಸೀ, ಕ್ವೀನ್ಸ್ ಬೆಂಚ್ ಮೂರನ್ನೂ ಸೇರಿಸಿ ಕ್ವೀನ್ಸ್ ಪ್ರಿಸನ್ ಅಂತ ಒಂದೇ ಮಾಡಿದ ವರ್ಷ ಅದು. ಜೈಲಿನ ದಾಖಲೆಗಳ ಸ್ವರೂಪವೂ ಅಲ್ಲಿಂದ ಬದಲಾಗುತ್ತದೆ.

ಎರಡನೇ_ರಿವ್ಯೂವರ್
ಆ ಹಠ ಒಳ್ಳೆಯದು. ಇದೇ ಮಾತನ್ನು ಲೇಖನದಲ್ಲೂ ಒಂದು ವಾಕ್ಯದಲ್ಲಿ ಹೇಳಿಬಿಡಿ. ಹೇಳದಿದ್ದರೆ "ಯಾಕೆ ಇಲ್ಲೇ ನಿಲ್ಲಿಸಿದ್ದು?" ಅಂತ ನಾನೇ ಕೇಳುತ್ತೇನೆ.

ಹಳೇರಸೀದಿ
ಯಾರೂ ಉಲ್ಲೇಖದ ಶೈಲಿ ಬಗ್ಗೆ ಮಾತೇ ಆಡಲಿಲ್ಲ. ಬ್ಲೂಬುಕ್, ಆಸ್ಕೋಲಾ, ಶಿಕಾಗೊ, ಒಂದೊಂದು ಕಡೆ ಒಂದೊಂದು. ಮೊದಲೇ ಸರಿಯಾಗಿ ಮಾಡದಿದ್ದರೆ ಓದದೆಯೇ ಎಸೆಯುತ್ತಾರೆ.

ತಾಳೆಗರಿ
ಕಾಮಾ ತಪ್ಪಿದ್ದಕ್ಕೆ ಯಾರೂ ಎಸೆಯುವುದಿಲ್ಲ ಸಾರ್. ಮೊದಲ ಸುತ್ತಿಗೆ ಒಂದೇ ಥರ ಇದ್ದರೆ ಸಾಕು ಅನ್ನುವ ಜರ್ನಲ್‌ಗಳೇ ಜಾಸ್ತಿ. ಒಪ್ಪಿಗೆ ಸಿಕ್ಕ ಮೇಲೆ ಅವರ ಶೈಲಿಗೆ ತಂದರಾಯಿತು. ಎಸೆಯುವುದು ಆಕರ ಹುಡುಕಲು ಆಗದಂತೆ ಬರೆದಾಗ. ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ಕಡತ ಅಂದರೆ ಸರಣಿ ಅಕ್ಷರ, ಸರಣಿ ಸಂಖ್ಯೆ, ಕಡತ ಸಂಖ್ಯೆ ಮೂರೂ ಬೇಕು. ಜೈಲಿನ ದಾಖಲೆ ಪಿಆರ್‌ಐಎಸ್ ಸರಣಿಯಲ್ಲಿ ಇದೆ ಅಂತ ಹೇಳಿ ಬಿಟ್ಟರೆ ಯಾರಿಗೂ ಏನೂ ಸಿಗುವುದಿಲ್ಲ.

ಹಳೇರಸೀದಿ
ಹಳೆಯ ಕಾಯ್ದೆಗಳನ್ನು ಹೇಗೆ ಬರೆಯುತ್ತೀರಿ? ಅದರಲ್ಲೇ ಬಹಳ ಜನ ಎಡವುವುದು.

ಲೀಗಲ್_ಲಕ್ಷ್ಮಿ
ರಾಜನ ಆಳ್ವಿಕೆಯ ವರ್ಷ, ಆಮೇಲೆ ಅಧ್ಯಾಯ, ಅಂದರೆ ಆ ಅಧಿವೇಶನದ ಕಾಯ್ದೆಗಳಲ್ಲಿ ಅದರ ಕ್ರಮಸಂಖ್ಯೆ. 1813ರ ಕಾಯ್ದೆ ಅಂದರೆ 53 ಜಾರ್ಜ್ III, ಅಧ್ಯಾಯ 102. 1869ರದ್ದು 32 & 33 ವಿಕ್ಟೋರಿಯಾ, ಅಧ್ಯಾಯ 62. ಎರಡು ಸಂಖ್ಯೆ ಯಾಕೆ ಅಂದರೆ ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು ಜೂನ್ 20ಕ್ಕೆ. ಪಾರ್ಲಿಮೆಂಟಿನ ಒಂದೇ ಅಧಿವೇಶನ ಆ ದಿನವನ್ನು ದಾಟಿ ನಡೆದರೆ ಆಳ್ವಿಕೆಯ ಎರಡು ವರ್ಷಕ್ಕೂ ಸೇರುತ್ತದೆ. ಈ ಪದ್ಧತಿ 1962ರವರೆಗೂ ಇತ್ತು.

ಮಸಿಕುಡಿಕೆ
1752ಕ್ಕಿಂತ ಹಿಂದಿನ ಕಾಲದಲ್ಲಿ ಕೆಲಸ ಮಾಡುವವರ ಪಾಡು ಕೇಳಿ. ಇಂಗ್ಲೆಂಡಿನಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ. ಮೊದಲನೇ ಚಾರ್ಲ್ಸ್‌ನ ತಲೆ ಕಡಿದದ್ದು ನಮ್ಮ ಲೆಕ್ಕದಲ್ಲಿ 1649ರ ಜನವರಿ 30. ಅವರ ಕಾಗದದಲ್ಲಿ ಅದು 1648. ಯಾವ ಲೆಕ್ಕ ಹಿಡಿದಿದ್ದೀರಿ ಅಂತ ಮೊದಲ ಅಡಿಟಿಪ್ಪಣಿಯಲ್ಲೇ ಹೇಳಿಬಿಡಬೇಕು. ಇಲ್ಲದಿದ್ದರೆ ನಿಮ್ಮ ಲೇಖನದಲ್ಲಿ ತೀರ್ಪು ಬಂದ ಮೇಲೆ ಕೇಸು ಶುರುವಾಗಿರುತ್ತದೆ.

ಗುಬ್ಬಚ್ಚಿ
ಕೇಸುಗಳಿಗೆ ಇಂಗ್ಲಿಷ್ ರಿಪೋರ್ಟ್ಸ್ ಇದೆಯಲ್ಲ, ಅಷ್ಟು ಸಾಕು. ಹಸ್ತಪ್ರತಿ ಎಲ್ಲ ಹುಡುಕುತ್ತಾ ಕೂತರೆ ಜನ್ಮ ಮುಗಿಯುತ್ತದೆ.

ಎರಡನೇ_ರಿವ್ಯೂವರ್
ಸಾಕಾಗುವುದಿಲ್ಲ ಗುಬ್ಬಚ್ಚಿ. ಇಂಗ್ಲಿಷ್ ರಿಪೋರ್ಟ್ಸ್ ಅಂದರೆ ಹಳೆಯ ಖಾಸಗಿ ವರದಿಗಳ ಮರುಮುದ್ರಣ. ಒಬ್ಬೊಬ್ಬ ವಕೀಲ ಕೋರ್ಟಿನಲ್ಲಿ ಕೂತು ಬರೆದುಕೊಂಡದ್ದು. ಒಬ್ಬನ ಬರಹ ನಂಬುವಂತಿರುತ್ತದೆ, ಇನ್ನೊಬ್ಬನದು ಇಲ್ಲ. ಎಸ್ಪಿನಾಸ್ ಅನ್ನುವ ವರದಿಗಾರ ಅರ್ಧ ಕೇಳಿಸಿಕೊಂಡು ಇನ್ನರ್ಧ ಬರೆಯುತ್ತಿದ್ದ ಅಂತ ಕೋರ್ಟಿನವರೇ ನಗುತ್ತಿದ್ದರು ಅನ್ನುವ ಹಳೇ ಜೋಕ್ ಇದೆ.

ಸಾಮರ್ಸೆಟ್ ಕೇಸನ್ನೇ ನೋಡಿ, 1772. ಗುಲಾಮನಾಗಿದ್ದ ಜೇಮ್ಸ್ ಸಾಮರ್ಸೆಟ್‌ನನ್ನು ಹಡಗಿನಲ್ಲಿ ಜಮೈಕಾಕ್ಕೆ ಸಾಗಿಸುವಂತಿಲ್ಲ ಅಂತ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಬಿಡುಗಡೆ ಮಾಡಿದ್ದು. ಎಲ್ಲರೂ ಬಳಸುವುದು ಕೇಪಲ್ ಲಾಫ್ಟ್‌ನ ವರದಿ. ಆಗ ಅವನ ವಯಸ್ಸು ಇಪ್ಪತ್ತರ ಆಚೆ ಈಚೆ. ಪತ್ರಿಕೆಗಳಲ್ಲಿ, ಹಸ್ತಪ್ರತಿಗಳಲ್ಲಿ ಬಂದ ತೀರ್ಪಿನ ಮಾತು ಬೇರೆ ಥರ ಇದೆ. ನ್ಯಾಯಾಧೀಶರು ಎಷ್ಟು ದೂರ ಹೋದರು ಅನ್ನುವ ಜಗಳವೇ ಯಾವ ವರದಿ ಹಿಡಿಯುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಇಂಗ್ಲೆಂಡಿನ ಗಾಳಿ ಗುಲಾಮ ಉಸಿರಾಡುವುದಕ್ಕೆ ಆಗದಷ್ಟು ಶುದ್ಧ ಅನ್ನುವ ಮಾತನ್ನು ಮ್ಯಾನ್ಸ್‌ಫೀಲ್ಡ್ ತಲೆಗೆ ಕಟ್ಟುತ್ತಾರೆ. ಅದು ಸಾಮರ್ಸೆಟ್ ಪರ ವಕೀಲರ ವಾದದಲ್ಲಿ ಬಂದದ್ದು. ಲೇಖನದಲ್ಲಿ ಅದು ತೀರ್ಪಿನ ಮಾತಾಗಿ ಬಂದರೆ ನಾನು ಮುಂದಿನ ಪುಟಗಳನ್ನೂ ಅನುಮಾನದಿಂದಲೇ ಓದುತ್ತೇನೆ.

ಗುಬ್ಬಚ್ಚಿ
ಸರಿ ಸರಿ, ಹಸ್ತಪ್ರತಿ ಹುಡುಕೋಣ.

ನ್ಯಾಯದೀಪ
ಹೆಸರು ಗುಟ್ಟಾಗಿಟ್ಟು ರಿವ್ಯೂ ಮಾಡುತ್ತೇವೆ ಅನ್ನುವುದು ನಾಟಕ. ಕಡತಪ್ರಿಯ ಅವರ ಥೀಸಿಸ್ ಶೀರ್ಷಿಕೆ ವಿಶ್ವವಿದ್ಯಾಲಯದ ಪುಟದಲ್ಲಿ ಇದ್ದೇ ಇರುತ್ತದೆ. ಗೂಗಲ್ ಮಾಡಿದರೆ ಮುಗಿಯಿತು.

ಎರಡನೇ_ರಿವ್ಯೂವರ್
ನಾನು ಹುಡುಕಲು ಹೋಗುವುದಿಲ್ಲ. ಹುಡುಕುವವರೂ ಇದ್ದಾರೆ, ಒಪ್ಪುತ್ತೇನೆ. ಅದಕ್ಕೇ ಲೇಖನದ ಶೀರ್ಷಿಕೆ ಥೀಸಿಸ್ ಅಧ್ಯಾಯದ ಶೀರ್ಷಿಕೆಯೇ ಆಗಿರಬಾರದು. "ನನ್ನ ಹಿಂದಿನ ಲೇಖನದಲ್ಲಿ ತೋರಿಸಿದಂತೆ" ಅಂತ ಬರೆಯಬೇಡಿ, ಬೇರೆಯವರ ಲೇಖನದಂತೆ ಉಲ್ಲೇಖಿಸಿ. ಕೃತಜ್ಞತೆ, ಗೈಡ್ ಹೆಸರು, ಆರ್ಕಿಡ್ (ORCID, ಸಂಶೋಧಕರ ಗುರುತು) ಸಂಖ್ಯೆ ಎಲ್ಲ ಪ್ರತ್ಯೇಕ ಶೀರ್ಷಿಕೆ ಪುಟಕ್ಕೆ. ವರ್ಡ್ ಫೈಲಿನ ಪ್ರಾಪರ್ಟೀಸ್‌ನಲ್ಲಿ ಲೇಖಕರ ಹೆಸರು ಉಳಿದಿರುತ್ತದೆ, ಹಳೆಯ ಕಾಮೆಂಟುಗಳಲ್ಲೂ. ಗೈಡ್ ಬರೆದ "ಈ ಪ್ಯಾರಾ ದುರ್ಬಲ" ಅನ್ನುವ ಕಾಮೆಂಟ್ ಸಮೇತ ಬಂದ ಲೇಖನ ನೋಡಿದ್ದೇನೆ.

ಮಸಿಕುಡಿಕೆ
ದುರ್ಬಲವಾಗಿತ್ತಾ?

ಎರಡನೇ_ರಿವ್ಯೂವರ್
ಹೂಂ. ಗೈಡ್ ಹೇಳಿದ್ದು ಸರಿ ಇತ್ತು.

ಅಡಿಟಿಪ್ಪಣಿ_ಅಕ್ಕ
ತಡವಾಗಿ ಬಂದೆ. ಒಂದೇ ಸಲಕ್ಕೆ ಒಪ್ಪಿಗೆ ಸಿಗುವುದು ತೀರಾ ಅಪರೂಪ ಅಂತ ಯಾರಾದರೂ ಈ ತಮ್ಮನಿಗೆ ಹೇಳಿದಿರಾ? "ತಿದ್ದಿ ಮತ್ತೆ ಕಳಿಸಿ" ಅಂತ ಬಂದರೆ ಅದು ಒಳ್ಳೆಯ ಸುದ್ದಿ. ನನ್ನ ಗೆಳತಿಯೊಬ್ಬಳು ಅದನ್ನೇ ತಿರಸ್ಕಾರ ಅಂದುಕೊಂಡು ಲೇಖನವನ್ನು ಪೆಟ್ಟಿಗೆಗೆ ಹಾಕಿಟ್ಟಳು. ಎಡಿಟರ್ ನೆನಪೋಲೆ ಕಳಿಸಿದ ಮೇಲೆ ತೆಗೆದಳು.

ತಿದ್ದುವಾಗ ಒಂದು ಪತ್ರ ಬರೆಯಬೇಕು. ರಿವ್ಯೂವರ್ ಹೇಳಿದ ಪ್ರತಿ ಮಾತನ್ನು ಹಾಗೇ ಎತ್ತಿ ಬರೆಯಿರಿ, ಕೆಳಗೆ ನೀವು ಏನು ಮಾಡಿದಿರಿ, ಯಾವ ಪುಟದಲ್ಲಿ. ಎಲ್ಲವನ್ನೂ ಒಪ್ಪಬೇಕಾಗಿಲ್ಲ. "1869ರವರೆಗೆ ವಿಸ್ತರಿಸಿ" ಅಂದರು ಅನ್ನಿ. "1842ಕ್ಕೆ ಮೂರು ಜೈಲು ಒಂದಾಗಿ ದಾಖಲೆಯ ಸ್ವರೂಪ ಬದಲಾಗುತ್ತದೆ, ಹಾಗಾಗಿ ಅಲ್ಲಿಗೇ ನಿಲ್ಲಿಸಿದ್ದೇನೆ, ಈ ಕಾರಣವನ್ನು 4ನೇ ಪುಟದಲ್ಲಿ ಸೇರಿಸಿದ್ದೇನೆ" ಅಂತ ಉತ್ತರ ಕೊಡಿ. ಇಬ್ಬರು ರಿವ್ಯೂವರ್‌ಗಳು ಒಬ್ಬರಿಗೊಬ್ಬರು ವಿರುದ್ಧ ಹೇಳಿದರೆ ಯಾವ ದಾರಿ ಹಿಡಿಯಲಿ ಅಂತ ಎಡಿಟರನ್ನೇ ಕೇಳಿ.

ಪತ್ರ ಬರೆದ ದಿನವೇ ಕಳಿಸಬೇಡಿ. ಮೊದಲ ಕರಡಿನಲ್ಲಿ ಸಿಟ್ಟು ಇರುತ್ತದೆ.

ಹಳೇರಸೀದಿ
ದುಡ್ಡು ಕಟ್ಟಬೇಕಾ ಅಂತ ಯಾರೂ ಹೇಳಲಿಲ್ಲ.

ತಾಳೆಗರಿ
ಚಂದಾದಾರರಿಗೆ ಮಾತ್ರ ಓದಲು ಸಿಗುವ ದಾರಿಯಲ್ಲಿ ಪ್ರಕಟಿಸಿದರೆ ಸಾಮಾನ್ಯವಾಗಿ ಲೇಖಕ ಏನೂ ಕಟ್ಟಬೇಕಾಗಿಲ್ಲ. ಎಲ್ಲರಿಗೂ ಉಚಿತವಾಗಿ ತೆರೆದಿಡಬೇಕು ಅಂದರೆ ಶುಲ್ಕ ಕೇಳುವವರಿದ್ದಾರೆ. ಹಲವು ಸಲ ವಿಶ್ವವಿದ್ಯಾಲಯವೇ ಪ್ರಕಾಶಕರ ಜೊತೆ ಒಪ್ಪಂದ ಮಾಡಿಕೊಂಡಿರುತ್ತದೆ, ನಿಮ್ಮ ಲೈಬ್ರರಿಯವರನ್ನು ಕೇಳಿ.

ಇನ್ನು "ಗೌರವಾನ್ವಿತ ವಿದ್ವಾಂಸರೇ, ನಿಮ್ಮ ಅಮೂಲ್ಯ ಲೇಖನವನ್ನು ಒಂದು ವಾರದಲ್ಲಿ ಪ್ರಕಟಿಸುತ್ತೇವೆ" ಅಂತ ಮೇಲ್ ಬಂದರೆ ಅಳಿಸಿಹಾಕಿ. ಕಾನೂನು ಇತಿಹಾಸ, ದಂತವೈದ್ಯ, ಸಿಮೆಂಟು ಎಲ್ಲ ಒಂದೇ ಜರ್ನಲ್‌ನಲ್ಲಿ ಇರುತ್ತವೆ.

ಗುಬ್ಬಚ್ಚಿ
ಭಾಷೆ ತಿದ್ದಲು ಎಐ ಬಳಸಬಹುದಾ?

ಲೀಗಲ್_ಲಕ್ಷ್ಮಿ
ಜರ್ನಲ್ ನಿಯಮ ನೋಡಿ. ಬಳಸಿದ್ದರೆ ಹೇಳಿಕೊಳ್ಳಿ ಅನ್ನುತ್ತವೆ ಹಲವು. ಎಐಯನ್ನು ಲೇಖಕ ಅಂತ ಹಾಕುವಂತಿಲ್ಲ. ಉಲ್ಲೇಖ ಹುಡುಕಲು ಮಾತ್ರ ಅದನ್ನು ನಂಬಲೇಬೇಡಿ. 2023ರಲ್ಲಿ ನ್ಯೂಯಾರ್ಕಿನ ಮಾಟಾ ವರ್ಸಸ್ ಏವಿಯಾಂಕಾ ಕೇಸಿನಲ್ಲಿ ವಕೀಲರು ಚಾಟ್‌ಜಿಪಿಟಿ ಹುಟ್ಟಿಸಿದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ಕಟ್ಟಿದರು. ಜರ್ನಲ್‌ನವರು ದಂಡ ಹಾಕುವುದಿಲ್ಲ, ನೆನಪಿಟ್ಟುಕೊಳ್ಳುತ್ತಾರೆ ಅಷ್ಟೇ.

ಕಡತಪ್ರಿಯ
ಎಲ್ಲರಿಗೂ ಧನ್ಯವಾದ. ಕೋರ್ಟ್ ಭಾಗ ಸೇರಿಸಿ, ಸಮೀಕ್ಷೆ ಕತ್ತರಿಸಿ ಮೊದಲು ಜರ್ನಲ್ ಆಫ್ ಲೀಗಲ್ ಹಿಸ್ಟರಿಗೆ ನೋಡುತ್ತೇನೆ. ಕೊನೆಯದಾಗಿ ಒಂದು: ಜೈಲಿನ ರಿಜಿಸ್ಟರಿನ ಒಂದು ಪುಟದ ಫೋಟೊ ನಾನೇ ತೆಗೆದದ್ದು. ಅದನ್ನು ಲೇಖನದಲ್ಲಿ ಹಾಕಬಹುದಲ್ವಾ?

ಅಡಿಟಿಪ್ಪಣಿ_ಅಕ್ಕ
ಫೋಟೊ ನಿಮ್ಮದು, ದಾಖಲೆ ಅವರದು. ಓದಿಕೊಳ್ಳಲು ತೆಗೆಯುವುದಕ್ಕೂ ಅಚ್ಚು ಹಾಕುವುದಕ್ಕೂ ಅನುಮತಿ ಬೇರೆ ಬೇರೆ. ಆರ್ಕೈವ್‌ನ ಚಿತ್ರ ವಿಭಾಗಕ್ಕೆ ಈಗಲೇ ಬರೆಯಿರಿ, ಒಪ್ಪಿಗೆ ಬಂದ ಮೇಲೆ ಬರೆದರೆ ಅದಕ್ಕೇ ಒಂದು ಸಂಚಿಕೆ ಮುಂದಕ್ಕೆ ಹೋಗುತ್ತದೆ.

ಮಸಿಕುಡಿಕೆ
ಚಿತ್ರದ ಕೆಳಗಿನ ಸಾಲೂ ಪದಗಳ ಲೆಕ್ಕಕ್ಕೆ ಬರುತ್ತದಾ ಅಂತ ಕೇಳಿಕೊಳ್ಳಿ.